ಅಲ್ ಕುಸೈಸಿಗೆ ಒಂದು ಕಾಗೆ ಬೇಕಾಗಿತ್ತು

ಕಾಗೆ ಹಿಡಿಯುವ ಕೆಲಸಕ್ಕೆ ಸೇರುತ್ತೀರಿ ಅಂತಾದರೆ ಮೊದಲು ಮನೆಯಲ್ಲಿ ಹೇಳಿಬಿಡಿ. ನಾನು ಹೇಳಿರಲಿಲ್ಲ. ಅಳಿಯ ಗಲ್ಫಿನಲ್ಲಿ ಪರಿಸರದ ದೊಡ್ಡ ಆಫೀಸರ್ ಅಂತ ನನ್ನ ಅತ್ತೆ ಕೊನೆಯವರೆಗೂ ಇಡೀ ಕಾಪು ಪೇಟೆಗೆ ಹೇಳಿಕೊಂಡು ತಿರುಗಿದರು. ಪರಿಸರ ಅನ್ನುವುದು ಸುಳ್ಳಲ್ಲ. ದೊಡ್ಡದು ಅಂತ ನನ್ನಲ್ಲಿ ಇದ್ದದ್ದು ಹೊಟ್ಟೆ ಮಾತ್ರ.

ನಾನು ಈ ದೇಶಕ್ಕೆ ಬಂದದ್ದು ಜಿರಳೆಗೆ. ಕೀಟ ನಿಯಂತ್ರಣದ ಒಂದು ಕಂಪನಿ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲ್ ಅಡುಗೆಮನೆಗಳಲ್ಲಿ ಮಂಡಿಯೂರಿ, ಫ್ರಿಜ್ಜಿನ ಹಿಂದೆ ಮದ್ದು ಹಚ್ಚುವುದು. ಒಂದು ದಿನ ಬೆಳಿಗ್ಗೆ ಸೂಪರ್‌ವೈಸರ್ ಬಂದು ನಿಂತು, ಹಕ್ಕಿಗಳ ಬಗ್ಗೆ ಯಾರಿಗೆ ಗೊತ್ತು ಅಂತ ಕೇಳಿದರು. ನಾನು ಕೈ ಎತ್ತಿದೆ. ಹಕ್ಕಿಗಳಲ್ಲಿ ನನಗೆ ಗೊತ್ತಿದ್ದದ್ದು ಕೋಳಿ ಒಂದೇ. ಆದರೆ ಕೈ ಎತ್ತದವರನ್ನೆಲ್ಲ ಆ ವಾರ ಒಳಚರಂಡಿಯ ಇಲಿಗಳಿಗೆ ಕಳಿಸುತ್ತಾರೆ ಅಂತಲೂ ಗೊತ್ತಿತ್ತು. ಹೀಗೆ ನಾನು ವನ್ಯಜೀವಿ ಸಂರಕ್ಷಣೆಗೆ ಕಾಲಿಟ್ಟೆ.

ಕಾಗೆ ಇಲ್ಲಿಯ ಹಕ್ಕಿಯಲ್ಲ. ನಮ್ಮ ಕಡೆಯಿಂದಲೇ ಹಡಗು ಹತ್ತಿ ಬಂದದ್ದು. ನಮ್ಮ ಹಾಗೇ ಅಂತ ಎಲ್ಲರೂ ಒಂದು ಜೋಕ್ ಹೊಡೆಯುತ್ತಾರೆ. ನೀವೂ ಹೊಡೆಯುತ್ತೀರಿ. ನೂರನೆಯ ಸಲ ಕೇಳುವಾಗ ನಗು ಬರುವುದಿಲ್ಲ, ಈಗಲೇ ಹೇಳಿದ್ದೇನೆ. ಸೇರಿದ ಹೊಸತರಲ್ಲಿ ನನಗೂ ಇದೆಂತ ಪಾಪದ ಕೆಲಸ ಅನ್ನಿಸುತ್ತಿತ್ತು. ಆಮೇಲೊಮ್ಮೆ ಕಡಲ ಬದಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಕೂತಿದ್ದಾಗ ಎರಡು ಕಾಗೆಗಳು ಬೆಳ್ಳಕ್ಕಿಯ ಗೂಡು ಖಾಲಿ ಮಾಡುವುದನ್ನು ನೋಡಿದೆ. ಒಂದು ಕಾಗೆ ತಾಯಿಯ ಬಾಲ ಎಳೆಯುವುದು, ತಾಯಿ ಅದರ ಹಿಂದೆ ಹೋದಾಗ ಇನ್ನೊಂದು ಮರಿ ಎತ್ತುವುದು. ಎಂಥಾ ಪ್ಲಾನ್ ಮಾರಾಯ್ರೆ! ನಮ್ಮ ಆಫೀಸಿನಲ್ಲಿ ಇಬ್ಬರು ಸೇರಿ ಅಷ್ಟು ಹೊಂದಾಣಿಕೆಯಿಂದ ಒಂದು ಟೇಬಲ್ ಎತ್ತಿಟ್ಟದ್ದು ನಾನು ಕಂಡಿಲ್ಲ. ಆ ತಾಯಿ ಸಂಜೆಯವರೆಗೂ ಖಾಲಿ ಗೂಡಿನ ಅಂಚಿನಲ್ಲೇ ನಿಂತಿತ್ತು. ಅವತ್ತಿನಿಂದ ನನಗೆ ಕೆಲಸ ಪಾಪ ಅನ್ನಿಸಲಿಲ್ಲ. ಆದರೆ ಸುಖ ಅಂತಲೂ ಅನ್ನಿಸಲಿಲ್ಲ. ಕೊಲ್ಲುವುದು ಕೊಲ್ಲುವುದೇ. ಅದು ಸುಖವಾಗಲಿಕ್ಕೆ ಶುರುವಾದರೆ ಕೆಲಸ ಬಿಟ್ಟು ಜಿರಳೆಗೆ ವಾಪಸ್ ಹೋಗಿ.

ನಮ್ಮ ಬೋನು ಅಂದರೆ ಒಂದು ಸಣ್ಣ ಕೋಣೆಯಷ್ಟಿರುವ ಬಲೆಯ ಗೂಡು. ಮೇಲೆ ಏಣಿ ಮಲಗಿಸಿದ ಹಾಗೆ ಸಂದುಗಳು. ಕಾಗೆ ರೆಕ್ಕೆ ಮಡಚಿ ಒಳಗೆ ಇಳಿಯಬಹುದು, ರೆಕ್ಕೆ ಬಿಚ್ಚಿ ಮೇಲೆ ಬರಲಿಕ್ಕಾಗುವುದಿಲ್ಲ. ಇದನ್ನು ಅಬುಧಾಬಿ ಬದಿಯ ಮುಸಫ್ಫಾದ ನಮ್ಮ ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡುತ್ತಿದ್ದವರು ಉಪ್ಪಿನಂಗಡಿಯ ಬ್ಯಾರಿ, ಹಮೀದಾಕ. ನನಗಿಂತ ಸ್ವಲ್ಪ ಹಿರಿಯರು. ನಾನು ಸ್ವಂತ ಜವಾಬ್ದಾರಿಯಲ್ಲಿ ಇಟ್ಟ ಮೊದಲ ಬೋನಿನಲ್ಲಿ ಏನು ಬಿತ್ತು ಕೇಳಿ. ಬೆಳಿಗ್ಗೆ ಹೋಗಿ ನೋಡಿದರೆ ಜೀವಂತ ಕಾಗೆ ಒಂದೂ ಇಲ್ಲ, ಸುತ್ತ ಕಪ್ಪು ಪುಕ್ಕಗಳ ರಾಶಿ. ನಡುವೆ ಕಾಲಿಗೆ ಉಂಗುರ, ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿಕೊಂಡ ಒಂದು ಬೇಟೆಗಿಡುಗ ಗತ್ತಿನಿಂದ ಕೂತಿದೆ. ಕೈಗವಸು ಪಿಕಪ್ಪಿನಲ್ಲಿತ್ತು. ಪಿಕಪ್ಪಿನವರೆಗೆ ಯಾರು ನಡೆಯುತ್ತಾರೆ ಅಂತ ಬರಿಗೈ ಹಾಕಿದೆ. ಆ ಗುರುತು ಈಗಲೂ ತೋರುಬೆರಳಿನಲ್ಲಿ ಉಂಟು. ಗಿಡುಗದ ಯಜಮಾನರು ಧೂಳೆಬ್ಬಿಸಿಕೊಂಡು ಬಂದರು. ಅದರ ಒಂದೊಂದೇ ಗರಿ ಬಿಡಿಸಿ ನೋಡಿ, ನೆತ್ತಿ ಸವರಿ, ಎಲ್ಲ ಸರಿ ಉಂಟು ಅಂತ ಖಾತ್ರಿಯಾದ ಮೇಲೆ ನನ್ನ ಅಂಗಿಯ ಮೇಲಿನ ರಕ್ತ ಅವರ ಕಣ್ಣಿಗೆ ಬಿತ್ತು.

ನಮ್ಮ ದೊಡ್ಡ ಸಾಹೇಬರ ಹೆಸರು ಸಯೀದ್. ಇಲ್ಲಿಯವರೇ. ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಬಯ್ಯುವಾಗಲೂ ದನಿ ಏರಿಸುವ ಜನ ಅಲ್ಲ. "ಸದಾನಂದ್, ಆ ಗಿಡುಗಕ್ಕೆ ಪಾಸ್‌ಪೋರ್ಟ್ ಉಂಟು. ನಿನಗೆ ಏನಾದರೂ ಆದರೆ ನಾನು ಒಂದು ಫೋನ್ ಮಾಡಿದರೆ ಸಾಕು. ಅದಕ್ಕೆ ಏನಾದರೂ ಆದರೆ ನಾನು ಊರು ಬಿಡಬೇಕು," ಅಂದರು. ಪಾಸ್‌ಪೋರ್ಟಿನ ವಿಷಯ ತಮಾಷೆಯಲ್ಲ, ನಿಜವಾಗಿಯೂ ಉಂಟು.

ಬೋನಿಗಿಂತ ಮುಂಚೆ ಏರ್‌ಗನ್ನಿನ ಕಾಲವೊಂದಿತ್ತು. ಪರವಾನಗಿ, ತರಬೇತಿ ಎಲ್ಲ ಆಗಿ ಶಿಕಾರಿಯವನ ಪೋಸ್ ಕೊಟ್ಟು ಫೋಟೋ ತೆಗೆಸಿಕೊಂಡು ಹೊರಟೆ. ಮೊದಲು ಕಾಗೆಗಳು ನಮ್ಮ ಪಿಕಪ್ಪನ್ನು ಗುರುತು ಹಿಡಿದವು. ಗಾಡಿ ಬದಲಿಸಿದೆವು. ಆಮೇಲೆ ನನ್ನ ಟೊಪ್ಪಿಯನ್ನು ಗುರುತು ಹಿಡಿದವು. ಟೊಪ್ಪಿಯನ್ನು ಹಮೀದಾಕನಿಗೆ ಕೊಟ್ಟೆ. ಒಂದು ದಿನ ಪಾಪ ಅವರನ್ನು ಅಟ್ಟಿಸಿಕೊಂಡು ಹೋದವು. ಮರುದಿನ ತಪ್ಪು ತಿದ್ದಿಕೊಂಡು ನನ್ನ ಹತ್ತಿರವೇ ಬಂದವು. ಅವು ಕಲಿತದ್ದು ನನ್ನ ಮುಖವನ್ನು. ನಾಯಿ ಗುಂಡೇಟು ಮರೆತೀತು, ಕಾಗೆ ಮರೆಯುವುದಿಲ್ಲ, ಮಕ್ಕಳಿಗೂ ಹೇಳಿಕೊಡುತ್ತದೆ. ಒಂದು ಶುಕ್ರವಾರ ಹೆಂಡತಿ ಶಶಿಯ ಜೊತೆ ಸೂಪರ್‌ಮಾರ್ಕೆಟ್ಟಿನಿಂದ ಹಾಲು, ಕೊತ್ತಂಬರಿ ಹಿಡಿದು ಬರುತ್ತಿದ್ದೆ. ದೀಪದ ಕಂಬದ ಮೇಲಿಂದ ಒಂದು ಕಾಗೆ ಕೂಗಿತು. ನೋಡ್ತಾ ನೋಡ್ತಾ ಒಂದು ದಂಡೇ ಬಂದು ನನ್ನ ತಲೆಯ ಮೇಲೆ ಸುತ್ತು ಹೊಡೆಯಲಿಕ್ಕೆ ಶುರುಮಾಡಿತು. ಜನರೆಲ್ಲ ನೋಡುತ್ತಿದ್ದಾರೆ. ಶಶಿ ಮೇಲೆ ನೋಡಿ, ನನ್ನ ಕಡೆ ನೋಡಿ, "ನಿಮ್ಮ ಆಫೀಸಿನವರಾ?" ಅಂದಳು.

ಅದಕ್ಕೇ ಏರ್‌ಗನ್ ಮೂಲೆಗೆ ಹೋಗಿ ಬೋನು ಬಂತು, ಬೋನಿನೊಳಗೆ ಕರೆಹಕ್ಕಿ ಬಂತು. ಕರೆಹಕ್ಕಿ ಅಂದರೆ ಹಿಡಿದ ಕಾಗೆಗಳಲ್ಲಿ ಜೋರು ಬಾಯಿಯದ್ದನ್ನು ಆರಿಸಿ ಸಾಕುವುದು. ಅದು ಬೋನಿನೊಳಗೆ ಆರಾಮವಾಗಿ ತಿಂದುಕೊಂಡು ಕೂಗುತ್ತಿದ್ದರೆ ಹೊರಗಿನವು ಇಲ್ಲಿ ಎಂತದೋ ಊಟ ಉಂಟು ಅಂತ ಇಳಿಯುತ್ತವೆ. ನಮ್ಮಲ್ಲಿದ್ದ ಕರೆಹಕ್ಕಿಗೆ ಹಮೀದಾಕ ಮ್ಯಾನೇಜರ್ ಅಂತ ಹೆಸರಿಟ್ಟಿದ್ದರು. "ನೆರಳಲ್ಲಿ ಕೂರ್ತದೆ, ತಿನ್ತದೆ, ಬೊಬ್ಬೆ ಹೊಡೀತದೆ, ಸಿಕ್ಕಿ ಬೀಳುವುದು ಬೇರೆಯವರು. ಇನ್ನೆಂತ ಹೆಸರಿಡುವುದು ಮಾರಾಯ?" ಅದಕ್ಕೆ ಕೈತುತ್ತು ಹಾಕುತ್ತಿದ್ದವರು ಅವರೇ. ನನ್ನನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ, ಹಿಡಿದವನು ನಾನಲ್ಲವಾ.

ಮ್ಯಾನೇಜರ್‌ನ ಪುಣ್ಯದಿಂದ ಅಲ್ ಕುಸೈಸಿನಲ್ಲಿ ಒಂದು ಕಾಗೆಯೂ ಉಳಿಯಲಿಲ್ಲ. ದುಬೈಯ ಆ ಭಾಗದಲ್ಲೇ ನಮ್ಮ ಫ್ಲ್ಯಾಟ್ ಇದ್ದದ್ದು, ರಿಟೈರ್ ಆದ ಮೇಲೆ ಈಗಲೂ ಅಲ್ಲೇ ನಮ್ಮ ಮಗಳ ವೀಸಾದಲ್ಲಿ ಇದ್ದೇವೆ. ಸ್ವಂತ ಏರಿಯಾ ಕ್ಲೀನ್ ಮಾಡಿದ್ದೇನೆ ಅಂತ ಎದೆಯುಬ್ಬಿಸಿ ಓಡಾಡಿದೆ. ನಾತೂರ್‌ಗೆ, ಅಂದರೆ ನಮ್ಮ ಕಟ್ಟಡ ನೋಡಿಕೊಳ್ಳುವ ಪಠಾಣನಿಗೆ, ಕೂಡ ಎರಡು ಸಲ ಹೇಳಿದೆ.

ನಮ್ಮ ಮನೆಯಿಂದ ಎರಡು ಮಾಳಿಗೆ ಮೇಲೆ ಸುಮತಿಯಕ್ಕನ ಮನೆ. ಉಡುಪಿ ಕಡೆಯವರು. ಅವರ ಗಂಡ ವಾಸಣ್ಣ ಹಿಂದಿನ ವರ್ಷ ಹೃದಯದ ಆಪರೇಷನ್ ಆಗಿ ಮೇಲೇಳದೆ ತೀರಿಕೊಂಡಿದ್ದರು. ಒಬ್ಬಳೇ ಮಗಳು ಪ್ರಜ್ಞಾ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ಆಫೀಸಿನಲ್ಲಿ ಜೊತೆಗಿದ್ದ ನಾಗಪುರದ ಹುಡುಗನ ಮೇಲೆ ಮನಸ್ಸು. ಸುಮತಿಯಕ್ಕನಿಗೂ ಹುಡುಗ ಹಿಡಿಸಿದ್ದ. ಮಾತು ಮುಗಿಸಲಿಕ್ಕೆ ಅವನ ಅಪ್ಪ ಅಮ್ಮ ಹೊರಟು ನಿಂತಿದ್ದರು. ಅಷ್ಟರಲ್ಲಿ ವಾಸಣ್ಣನ ವರ್ಷಾಂತಿಕ ಬಂತು.

ಅವತ್ತು ಬೆಳಿಗ್ಗೆ ಪ್ರಜ್ಞಾ ನಮ್ಮ ಬಾಗಿಲು ಬಡಿದಳು. ಕಣ್ಣು ಕೆಂಪಾಗಿತ್ತು.

"ಅಂಕಲ್, ದಿಸ್ ಈಸ್ ಯುವರ್ ಫಾಲ್ಟ್. ಯು ಫಿಕ್ಸ್ ಇಟ್."

ಮೇಲೆ ಹೋಗಿ ನೋಡಿದೆ. ಬಾಲ್ಕನಿಯಲ್ಲಿ ಬಾಳೆಲೆ. ಅದರ ಮೇಲೆ ಅನ್ನ, ಕೋರಿ ರೊಟ್ಟಿ, ವಾಸಣ್ಣನಿಗೆ ಪ್ರಾಣವಾಗಿದ್ದ ಬಂಗುಡೆ ಮೀನಿನ ಪುಳಿಮುಂಚಿ. ಸುಮತಿಯಕ್ಕ ಕಾಗೆ ಕರೆಯಲಿಕ್ಕೆ ಚಪ್ಪಾಳೆ ತಟ್ಟಿ ತಟ್ಟಿ ಕೈ ಸೋತು ಕೂತಿದ್ದಾರೆ. ಒಂದು ಪಾರಿವಾಳ ಬಂತು, "ನೀನಲ್ಲ, ಹೋಗು" ಅಂದರು. ಒಂದು ಮೈನಾ ಬಂತು, ಅದನ್ನೂ ಓಡಿಸಿದರು. ನಮ್ಮಲ್ಲಿ ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಅಸಮಾಧಾನ ಅಂತ ಲೆಕ್ಕ. ಮನೆಯವರು ನಿಂತು, ಇಂಥದ್ದು ಮಾಡುತ್ತೇವೆ, ಅಂಥದ್ದು ನಡೆಸಿಕೊಡುತ್ತೇವೆ ಅಂತ ಒಂದೊಂದೇ ಮಾತು ಕೊಡುತ್ತಾ ಹೋಗುತ್ತಾರೆ. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಸತ್ತವರ ಮನಸ್ಸಿನಲ್ಲಿದ್ದದ್ದು. ಸುಮತಿಯಕ್ಕ ಹೇಳಿದ್ದು ಒಂದೇ ಮಾತು. "ಮಗಳ ಮದುವೆಗೆ ಒಪ್ಪಿಗೆ ಇದ್ದರೆ ಬನ್ನಿ."

"ಅವರಿಗೆ ಇಷ್ಟ ಇಲ್ಲ ಸದಾನಂದ. ನಾಗಪುರದವರಿಗೆ ಬರುವುದು ಬೇಡ ಅಂತ ಹೇಳಿಬಿಡ್ತೇನೆ."

"ಅಕ್ಕ, ವಾಸಣ್ಣ ಮುನಿಸಿಕೊಂಡದ್ದಲ್ಲ. ಇಲ್ಲಿ ಕಾಗೆಯೇ ಇಲ್ಲ. ಎಲ್ಲವನ್ನೂ ಹಿಡಿದವನು ನಾನು."

"ಬರಬೇಕು ಅಂತಿದ್ರೆ ಶಾರ್ಜಾದಿಂದ ಆದ್ರೂ ಬರ್ತಿದ್ರು."

ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯ ಮುಖ ನೋಡಿದೆ. ಎಲೆ ಎತ್ತಬೇಡಿ ಅಕ್ಕ, ಒಂದು ಕಾಗೆ ನಾನು ತರುತ್ತೇನೆ ಅಂತ ಬಾಯಿಂದ ಬಂದೇ ಹೋಯಿತು.

ಮುಸಫ್ಫಾಕ್ಕೆ ಗಾಡಿ ಬಿಟ್ಟೆ. ಹಮೀದಾಕ ಮರುದಿನ ರಜೆಯಲ್ಲಿ ಊರಿಗೆ ಹೊರಡುವವರು, ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. ವಿಷಯ ಕೇಳಿ ಹಗ್ಗ ಬಿಟ್ಟು ನಕ್ಕರು. "ಮ್ಯಾನೇಜರ್‌ನನ್ನು ಊಟಕ್ಕೆ ಕರ್ಕೊಂಡು ಹೋಗ್ತೀಯಾ? ಹೋಗು. ಆದ್ರೆ ಗೂಡು ತೆರೀಬೇಡ. ತೆರೆದ್ರೆ ಖಲಾಸ್, ನಿನ್ನ ಕೆಲಸವೂ ನನ್ನ ಕೆಲಸವೂ." ಅವರು ಮ್ಯಾನೇಜರ್ ಅನ್ನು ಹಾಕಿಕೊಟ್ಟ ಸಣ್ಣ ಗೂಡಿಗೆ ಟವೆಲ್ ಹೊದಿಸಿ ಹಿಂದಿನ ಸೀಟಿನಲ್ಲಿಟ್ಟೆ. ಕತ್ತಲೆಯಲ್ಲಿ ಕಾಗೆ ಸುಮ್ಮನಿರುತ್ತದೆ ಅಂತ ತರಬೇತಿಯಲ್ಲಿ ಹೇಳಿದ್ದರು. ಹೇಳಿದವರು ಮ್ಯಾನೇಜರ್‌ನನ್ನು ಕಂಡವರಲ್ಲ. ದಾರಿಯುದ್ದಕ್ಕೂ ನನ್ನ ವಂಶವನ್ನೇ ಬಯ್ದಿತು. ಪೆಟ್ರೋಲ್ ಬಂಕಿನ ನೇಪಾಳಿ ಹುಡುಗ ಕಿಟಕಿಯಿಂದ ಇಣುಕಿದಾಗ ನನಗೆ ಗಂಟಲು ಸರಿಯಿಲ್ಲ ಅಂತ ಕೆಮ್ಮಿದೆ.

ಬಾಲ್ಕನಿಯಲ್ಲಿ ಗೂಡನ್ನು ಎಲೆಯ ಪಕ್ಕದಲ್ಲಿಟ್ಟು ಒಂದು ತುಂಡು ಬಂಗುಡೆ ಸಂದಿನಿಂದ ಒಳಗೆ ತೂರಿಸಲಿಕ್ಕೆ ಹೊರಟೆ. ಸುಮತಿಯಕ್ಕ ನನ್ನ ಕೈ ಹಿಡಿದರು.

"ಎಂತ ಮಾಡ್ತಿದ್ದಿ? ಗೂಡೊಳಗೆ ಕೂರಿಸಿ ಬಡಿಸಲಿಕ್ಕೆ ಅವರು ಕೋಳಿಯಾ?"

"ಅಕ್ಕ, ಬಾಗಿಲು ತೆಗೆಯಲಿಕ್ಕೆ ಇಲ್ಲ. ರೂಲ್ಸ್."

"ಹಾಗಾದ್ರೆ ತಗೊಂಡು ಹೋಗು."

ಅವರು ಎಲೆ ಎತ್ತಲಿಕ್ಕೆ ಬಗ್ಗಿದರು. ಪ್ರಜ್ಞಾ ಗೋಡೆಗೆ ಮುಖ ಮಾಡಿ ನಿಂತಳು. ನಾನು ಚಿಲಕ ತೆಗೆದೆ. ರಿಟೈರ್ ಆಗಲಿಕ್ಕೆ ಕೆಲವೇ ತಿಂಗಳು ಬಾಕಿ ಇದ್ದವನು, ಸಾಕಿದ ಕಾಗೆಯನ್ನು ನಾನೇ ಕ್ಲೀನ್ ಮಾಡಿದ ಏರಿಯಾದಲ್ಲಿ ಬಿಟ್ಟೆ. ಬುದ್ಧಿ ಇರುವವರು ಮಾಡುವ ಕೆಲಸವಾ?

ಮ್ಯಾನೇಜರ್ ಹೊರಗೆ ಬಂದು ಎಲೆಯ ಸುತ್ತ ಒಂದು ಸುತ್ತು ನಡೆಯಿತು. ಅನ್ನ ಕುಕ್ಕಿತು. ಬಂಗುಡೆಯ ದೊಡ್ಡ ತುಂಡು ಎತ್ತಿ ಕಂಬಿಯ ಮೇಲೆ ಕೂತು ತಿಂದು, ಕೊಕ್ಕು ಒರೆಸಿಕೊಂಡು ಎದುರಿನ ಕಟ್ಟಡಕ್ಕೆ ಹಾರಿತು. "ಒಪ್ಪಿದರು," ಅಂತ ಸುಮತಿಯಕ್ಕ ಅತ್ತರು. ಪ್ರಜ್ಞಾ ಅಮ್ಮನನ್ನು ತಬ್ಬಿಕೊಂಡು ಅತ್ತಳು. ನನಗೂ ಅಳು ಬಂತು, ಕಾರಣ ಮಾತ್ರ ಬೇರೆ.

ಮರುದಿನ ಸಯೀದ್ ಸಾಹೇಬರ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಸುಳ್ಳು ಹೇಳುವ ಅಂದರೆ ಇದಕ್ಕಿಂತ ನಂಬುವಂಥದ್ದು ಯಾವುದೂ ಹೊಳೆಯಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಒಂದು ಕೂಗಿದರೆ ಹತ್ತು ಬರುತ್ತವೆ, ನಿನಗೇ ಗೊತ್ತು. ಗುರುವಾರದ ಒಳಗೆ ಹಿಡಿ. ಇಲ್ಲದಿದ್ದರೆ ನಾನು ಬರೆದು ಮೇಲಕ್ಕೆ ಕಳಿಸಬೇಕಾಗುತ್ತದೆ. ಮದುವೆಗೆ ನನ್ನನ್ನೂ ಕರಿ," ಅಂದರು.

ಹೇಗೆ ಹಿಡಿಯುವುದು? ಟೆರೇಸಿನ ಮೇಲೆ ಬೋನು ಇಟ್ಟೆ. ಮ್ಯಾನೇಜರ್ ಅದರ ತಲೆಯ ಮೇಲೆ ಕೂತು ಬಿಸಿಲು ಕಾಯಿಸಿಕೊಂಡಿತು. ವರ್ಷಗಟ್ಟಲೆ ಅದರೊಳಗೇ ಡ್ಯೂಟಿ ಮಾಡಿದ ಹಕ್ಕಿ. ಸಂದು ಎಲ್ಲಿ, ಮೋಸ ಎಲ್ಲಿ ಅಂತ ಅದಕ್ಕೆ ಗೊತ್ತಿಲ್ಲವಾ? ಮನೆಗಳ ನಡುವೆ ಏರ್‌ಗನ್ ಎತ್ತುವ ಹಾಗಿಲ್ಲ. ಕೈತುತ್ತು ಹಾಕಿದ ಹಮೀದಾಕ ಉಪ್ಪಿನಂಗಡಿಯಲ್ಲಿ. ನಾನು ಮುಖ ತೋರಿಸಿದರೆ ಸಾಕು, ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿತ್ತು. ಶಶಿಯ ದುಪಟ್ಟಾ ಸುತ್ತಿಕೊಂಡು ಹೋದೆ. ಅದಕ್ಕೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ನಾತೂರ್ ಮಾತ್ರ ಆಮೇಲೆ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಅಷ್ಟರಲ್ಲಿ ಮೇಲಿನ ಬಾಲ್ಕನಿಯಲ್ಲಿ ಅದಕ್ಕೆ ದಿನಾ ಮಧ್ಯಾಹ್ನದ ಊಟ ಶುರುವಾಗಿತ್ತು. "ಇವತ್ತು ಉಪ್ಪು ಹೆಚ್ಚಾಯ್ತಾ? ನಾಗಪುರದವರು ಬರ್ತಿದ್ದಾರೆ, ಗೊತ್ತುಂಟಲ್ಲ?" ಅಂತ ಸುಮತಿಯಕ್ಕ ಮಾತಾಡುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಕ್ಕ, ಆ ಕಾಗೆ ಹಿಡಿದುಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು? ಶಶಿ ಅಂದಳು, "ಬೇರೆಯವರು ಆಫೀಸಿನಿಂದ ಪೆನ್ನು ಮನೆಗೆ ತರ್ತಾರೆ. ನೀವು ತಂದದ್ದು ಒಬ್ಬರ ಗಂಡ ಆಗಿ ಕೂತಿತು."

ಗುರುವಾರ ಮಧ್ಯಾಹ್ನ ಸುಮತಿಯಕ್ಕನ ಫೋನ್ ಬಂತು. "ಗೂಡು ತಗೊಂಡು ಬಾ." ಅಷ್ಟೇ ಹೇಳಿ ಇಟ್ಟರು.

ಅವರ ಬಾಲ್ಕನಿಯ ಒಂದು ಗಿಡವಿಲ್ಲದ ಹೂಕುಂಡದಲ್ಲಿ ಬೆಳವ ಹಕ್ಕಿ ಎರಡು ಮರಿ ಮಾಡಿತ್ತು. ವಾಸಣ್ಣ ಇದ್ದಾಗಿನಿಂದಲೂ ಬೆಳವಗಳು ಅಲ್ಲೇ ಗೂಡು ಕಟ್ಟುತ್ತಿದ್ದವಂತೆ. ನಾನು ಹೋದಾಗ ಕುಂಡ ಬರಿದಾಗಿತ್ತು. ಕುರ್ಚಿಯ ಕೆಳಗೆ ಒಂದು ಸಣ್ಣ ರೆಕ್ಕೆ ಬಿದ್ದಿತ್ತು. ತಾಯಿ ಎ.ಸಿ. ಪೆಟ್ಟಿಗೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿತ್ತು.

"ನನ್ನ ಕಣ್ಣೆದುರೇ ಎಳೆದು ತಿಂದಿತು," ಸುಮತಿಯಕ್ಕ ಕುಂಡ ತೋರಿಸಿದರು. "ಅವರು ಒಂದು ಜೇಡವನ್ನು ಕೂಡ ಪೇಪರಿನಲ್ಲಿ ಎತ್ತಿ ಹೊರಗೆ ಬಿಡುತ್ತಿದ್ದವರು. ಇದು ಅವರಲ್ಲ."

ಬಾಗಿಲ ಹತ್ತಿರ ಪ್ರಜ್ಞಾ ನಿಂತಿದ್ದಳು. ಅವಳ ಮುಖ ನೋಡಿದಾಗಲೇ ನನಗೆ ಹೊಳೆಯಿತು. ಕಾಗೆ ಅವರಲ್ಲ ಅಂತಾದರೆ ಒಪ್ಪಿಗೆಯೂ ಅವರದಲ್ಲವಲ್ಲ! ಇಷ್ಟು ವರ್ಷ ಕಾಗೆ ಎಂಥ ಕೇಡಿಗ ಅಂತ ಶಾಲೆ ಶಾಲೆಗೆ ಹೋಗಿ ಭಾಷಣ ಬಿಗಿದವನು ಅವತ್ತು ಕಾಗೆಯ ಪರ ವಕೀಲನಾಗಿ ನಿಂತೆ. "ಅಕ್ಕ, ಅದರದ್ದೆಂತ ತಪ್ಪು? ಹಸಿವು. ಅದಕ್ಕೂ ಹೊಟ್ಟೆ ಉಂಟಲ್ಲ. ಒಂದೊಂದು ಸಲ ಮನುಷ್ಯರೂ..."

"ಸುಮ್ಮನಿರು ಸದಾನಂದ. ನೀನು ಒಳಗೆ ಹೋಗು. ನಿನ್ನನ್ನು ಕಂಡರೆ ಅದು ಬರುವುದಿಲ್ಲ."

ನಾನು ಪರದೆಯ ಹಿಂದೆ ಹೋಗಿ ನಿಂತೆ. ಅವರು ಗೂಡಿನ ಒಳಗೆ ಬಟ್ಟಲಿಟ್ಟು, ಪಕ್ಕದಲ್ಲಿ ನೆಲಕ್ಕೆ ಕೂತು, ದಿನಾ ಕರೆಯುವ ಹಾಗೇ ಕರೆದರು. ಮ್ಯಾನೇಜರ್ ಬಂತು. ಅವರ ಮುಖ ನೋಡಿತು, ಬಟ್ಟಲು ನೋಡಿತು, ಮಾವನ ಮನೆಗೆ ಹೋಗುವ ಹಾಗೆ ಒಳಗೆ ನಡೆಯಿತು. ಸುಮತಿಯಕ್ಕ ಚಿಲಕ ಹಾಕಿದರು. ಇಡೀ ಸರ್ವಿಸಿನಲ್ಲಿ ಅಷ್ಟು ಚೊಕ್ಕವಾಗಿ ನಾನು ಒಂದು ಕಾಗೆಯನ್ನೂ ಹಿಡಿದಿಲ್ಲ.

ಪ್ರಜ್ಞಾ ಮೆಲ್ಲಗೆ ಕೇಳಿದಳು, "ಅಮ್ಮ, ಹಾಗಾದ್ರೆ ಪಪ್ಪನ ಒಪ್ಪಿಗೆ?"

ಸುಮತಿಯಕ್ಕ ನೆಲದಿಂದ ಏಳದೆ ಗೂಡಿನ ಕಡೆಯೇ ನೋಡುತ್ತಿದ್ದರು. "ನಿನ್ನ ಪಪ್ಪ ಇದ್ದಾಗ ಯಾವುದಕ್ಕೆ ಒಪ್ಪಿಗೆ ಕೊಟ್ಟದ್ದು? ಈ ಮನೆಗೆ ಬರುವಾಗ 'ನಿನಗೆ ತೋಚಿದ ಹಾಗೆ ಮಾಡು' ಅಂದರು. ನಿನ್ನನ್ನು ಶಾಲೆಗೆ ಸೇರಿಸುವಾಗ 'ನಿನಗೆ ತೋಚಿದ ಹಾಗೆ' ಅಂದರು. ಆಸ್ಪತ್ರೆಯಲ್ಲಿ ಡಾಕ್ಟ್ರು, ಆಪರೇಷನ್ ಮಾಡಬೇಕಾ ಬೇಡವಾ ಅಂತ ಅವರನ್ನೇ ಕೇಳಿದ್ದು. ಅವರು ನನ್ನ ಮುಖ ನೋಡಿದರು. ಮಾಡಿ ಅಂತ ಹೇಳಿದವಳು ನಾನು."

ಒಂದು ವರ್ಷ ಆ ಹೆಂಗಸು ಎದೆಯಲ್ಲಿ ಏನು ಹೊತ್ತುಕೊಂಡಿದ್ದರು, ಕಾಗೆಗಾಗಿ ಅಷ್ಟು ಚಪ್ಪಾಳೆ ಯಾಕೆ ತಟ್ಟಿದರು ಅಂತ ನನಗೆ ಆಗ ಅರ್ಥವಾಯಿತು. ಪರದೆಯ ಹಿಂದೆ ನಿಂತು ಮೂಗು ಒರೆಸಿಕೊಂಡೆ.

ಅವರು ಎದ್ದರು. ಕುರ್ಚಿಯ ಕೆಳಗಿನ ಆ ಸಣ್ಣ ರೆಕ್ಕೆಯನ್ನು ಪೇಪರಿನಲ್ಲಿ ಎತ್ತಿ ಹೂಕುಂಡದ ಮಣ್ಣಿನಲ್ಲಿ ಮುಚ್ಚಿದರು. ಕೈ ತೊಳೆದುಕೊಂಡು ಬಂದು ಸೆರಗಿಗೆ ಒರೆಸಿಕೊಂಡರು.

"ಇದಕ್ಕೂ ಹೂಂ ಅಂತ ನಾನೇ ಹೇಳ್ತೇನೆ. ಹುಡುಗನ ಅಮ್ಮನಿಗೆ ಫೋನ್ ಹಚ್ಚು."

ಪ್ರಜ್ಞಾ ಫೋನ್ ಹಚ್ಚಿದಳು. ನಾನು ಗೂಡು ಎತ್ತಿಕೊಂಡು ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡೆ. ಲಿಫ್ಟ್ ಬರುವವರೆಗೂ ಮ್ಯಾನೇಜರ್ ನನ್ನನ್ನು ಬಯ್ಯುತ್ತಲೇ ಇತ್ತು. ಹೌದು ಮಾರಾಯ, ನೀನು ಹೇಳುವುದೆಲ್ಲ ಸರಿ ಅಂದೆ.